ಪ್ರಮೇಯದ ಎಂಟು ಪುಟಗಳು

ಪೋಸ್ಟ್‌ಮ್ಯಾನ್ ರಿಜಿಸ್ಟರ್ಡ್ ಲಕೋಟೆ ತಂದಾಗ ನಾನು ಅಂಗಡಿಯ ಹಿಂದೆ ಮೈದಾ ಅಂಟು ಕುದಿಸುತ್ತಿದ್ದೆ. ಮೇ ತಿಂಗಳ ನಡುಭಾಗ. ಬೈಂಡಿಂಗ್ ಕೆಲಸದವನಿಗೆ ಆ ತಿಂಗಳಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಹುಳ ಹಿಡಿಯಬಾರದೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ತಿರುವುತ್ತಿದ್ದ ಕೈಯಲ್ಲೇ ಬಂದು ಸಹಿ ಹಾಕಿದೆ. ವಾಪಸ್ಸು ಹೋಗಬೇಕಾದ ಕಾರ್ಡಿಗೆ ಅಂಟು ಮೆತ್ತಿಕೊಂಡಿತು.

"ಎಂತ ಸಾಹೇಬ್ರೆ, ಗವರ್ಮೆಂಟಿನ ಕಾರ್ಡಿಗೂ ಬೈಂಡಿಂಗ್ ಮಾಡ್ತೀರಾ?" ಎಂದು ಪೋಸ್ಟ್‌ಮ್ಯಾನ್ ನಕ್ಕ. ನಾನೂ ನಕ್ಕೆ. ಆಮೇಲೆ ಒಂದು ತಿಂಗಳು ನನಗೆ ನಗು ಬರಲಿಲ್ಲ.

ಲಕೋಟೆಯಲ್ಲಿದ್ದದ್ದು ಇಂಗ್ಲಿಷಿನಲ್ಲಿ ಟೈಪು ಮಾಡಿದ ಮೂರು ಹಾಳೆ. ನನ್ನ ಇಂಗ್ಲಿಷು ಬಸ್ಸಿನ ಬೋರ್ಡು ಓದುವುದಕ್ಕೆ ಸಾಕು, ಅಷ್ಟೆ. ಒಳಗಿದ್ದ ಹೆಂಡತಿಗೆ ಕೊಟ್ಟೆ. ಅವಳು ನನಗಿಂತ ಹೆಚ್ಚು ಓದಿದವಳು. ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮನೆಯಲ್ಲಿ ನಾವಾಡುವುದು ಬ್ಯಾರಿ ಮಾತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

"ಕಾಪಿರೈಟ್ ಅಂತ ಉಂಟು. ನಕಲಿ ಅಂತ ಉಂಟು. ನಮ್ಮ ಅಂಗಡಿ ಹೆಸರುಂಟು," ಎಂದಳು. ಹಾಳೆ ತಿರುವಿ, "ಗಣಿತದ ಗೈಡಿನ ವಿಷಯ," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕಣ್ಣು ನೇರವಾಗಿ ಹೋದದ್ದು ಅವಳ ಮಣೆಯ ಮೇಲಿದ್ದ ಸ್ಟೆನ್ಸಿಲ್ ಹಾಳೆಗೆ.

ನಮ್ಮ ಕಸುಬು ಎಂಥದ್ದೆಂದು ಹೇಳದಿದ್ದರೆ ಇದು ತಿಳಿಯುವುದಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಮುಂದೆ ನೋಟುಬುಕ್ಕು, ಪೆನ್ನು, ಶಾಯಿ. ಒಂದು ಪರದೆ ದಾಟಿದರೆ ಬೈಂಡಿಂಗ್ ಕೆಲಸ. ಅದರ ಹಿಂದೆ ಮನೆ. ಪರೀಕ್ಷೆ ಮುಗಿದ ಕೂಡಲೇ ನಾನು ಗೋಣಿಚೀಲ ಹಿಡಿದು ಬಸ್ಸು ಹತ್ತುತ್ತಿದ್ದೆ. ಜಯಪುರ, ಶೃಂಗೇರಿ, ನರಸಿಂಹರಾಜಪುರ ಸುತ್ತಿ, ಮಕ್ಕಳ ಕೈಯಿಂದ ಹಳೆಯ ಗೈಡುಗಳನ್ನು ಕೊಂಡು ತರುತ್ತಿದ್ದೆ. ಮೇ ತಿಂಗಳೆಲ್ಲ ಅವುಗಳ ರಿಪೇರಿ. ತುಕ್ಕು ಹಿಡಿದ ಪಿನ್ನು ಕಿತ್ತು, ಹರಿದ ಬೆನ್ನಿಗೆ ಕಾಗದ ಕೊಟ್ಟು, ದಾರದಲ್ಲಿ ಹೊಲಿದು, ರಟ್ಟು ಹಾಕಿ, ಅಂಚು ಕತ್ತರಿಸಿ ಜೂನ್‌ನಲ್ಲಿ ಮಾರುತ್ತಿದ್ದೆ. ಹೊಸ ಗೈಡು ಕೊಳ್ಳಲಾಗದವರು ದೂರದೂರದಿಂದ ಬರುತ್ತಿದ್ದರು.

ಬೇರೆ ಗೈಡುಗಳ ತಕರಾರಿಲ್ಲ. ಹತ್ತನೇ ತರಗತಿಯ ಗಣಿತದ ಗೈಡು ಮಾತ್ರ ಇಡಿಯಾಗಿ ಸಿಗುವುದೇ ಅಪರೂಪ. ಶೃಂಗೇರಿಯಲ್ಲಿ ಕೊಂಡರೂ ಅಷ್ಟೆ, ನರಸಿಂಹರಾಜಪುರದಲ್ಲಿ ಕೊಂಡರೂ ಅಷ್ಟೆ, ನಲವತ್ತೊಂದನೇ ಪುಟದಿಂದ ನಲವತ್ತೆಂಟರವರೆಗೆ ಮಾಯ. ಅವು ರೇಖಾಗಣಿತದ ಪ್ರಮೇಯಗಳ ಪುಟಗಳು. ಪರೀಕ್ಷೆಯ ದಿನ ಅವನ್ನು ಹರಿದು, ಮಡಿಸಿ, ಜೇಬಿನಲ್ಲೋ ಲಂಗದ ನೆರಿಗೆಯಲ್ಲೋ ಇಟ್ಟುಕೊಂಡು ಹೋಗುವುದು ಮಕ್ಕಳ ಪದ್ಧತಿ. ಮೂರು ತಾಲೂಕಿನ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಜಾಗದಲ್ಲಿ ಹರಿಯುತ್ತಿದ್ದದ್ದು ನನಗೆ ಈಗಲೂ ಆಶ್ಚರ್ಯ.

ಆ ಎಂಟು ಪುಟಗಳನ್ನು ನನ್ನ ಹೆಂಡತಿ ಬರೆಯುತ್ತಿದ್ದಳು. ಮೇಣ ಸವರಿದ ಸ್ಟೆನ್ಸಿಲ್ ಹಾಳೆಯನ್ನು ತಗಡಿನ ಮೇಲಿಟ್ಟು, ಉಕ್ಕಿನ ಮೊನೆಯ ಪೆನ್ನಿನಲ್ಲಿ ಗೀಚಿ ಬರೆಯಬೇಕು. ಹೆಚ್ಚು ಒತ್ತಿದರೆ ಹಾಳೆ ಹರಿಯುತ್ತದೆ, ಕಡಿಮೆ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಅವಳು ಒತ್ತುವುದು ಯಾವತ್ತೂ ಒಂದೇ ಹದ. ತ್ರಿಭುಜದ ಮೂಲೆಗಳು ಸೂಜಿಯಲ್ಲಿ ಚುಚ್ಚಿದಂತೆ ಕೂಡುತ್ತಿದ್ದವು. ಬರೆದಾದ ಮೇಲೆ ಪೇಟೆಯಲ್ಲಿ ಟೈಪಿಂಗ್ ಕಲಿಸುವವರ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿ, ಹರಿದ ಜಾಗಕ್ಕೆ ಸೇರಿಸಿ ಹೊಲಿಯುತ್ತಿದ್ದೆ. ಮೊದಲ ಹಾಳೆಯ ಮೇಲೆ ನನ್ನ ಅಂಗಡಿಯ ರಬ್ಬರ್ ಸ್ಟಾಂಪು ಬೇರೆ. ಕದ್ದ ಮಾಲಿಗೆ ಯಾರಾದರೂ ಸ್ವಂತ ಮೊಹರು ಒತ್ತುತ್ತಾರೆಯೇ? ಅದು ತಪ್ಪೆಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಪುಟ ಇಲ್ಲದ ಪುಸ್ತಕ ಮಾರುವುದೇ ಮೋಸ ಎಂದು ನಾನು ತಿಳಿದಿದ್ದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಈ ಪುಟ ಬರೆದವರು ಯಾರೆಂದು ಗಿರಾಕಿಗಳು ಕೇಳಿದರೆ, "ಒಬ್ಬರು ಮೇಷ್ಟ್ರು ಬರೆದುಕೊಡ್ತಾರೆ" ಎನ್ನುತ್ತಿದ್ದೆ. ಹೆಂಗಸು ಬರೆದದ್ದೆಂದರೆ ನಂಬಿ ಕೊಳ್ಳುವುದಿಲ್ಲವೆಂಬುದು ಒಂದು ನೆಪ. ಹೆಂಡತಿಯ ದುಡಿಮೆಯಲ್ಲಿ ತಿನ್ನುತ್ತಾನೆಂದು ಪೇಟೆಯಲ್ಲಿ ಆಡಿಕೊಂಡರೆ ಎಂಬ ಅಳುಕು ಅದರ ಒಳಗಿತ್ತು. ಅವಳು ಪರದೆಯ ಹಿಂದೆ ಕೂತು ಅದನ್ನೆಲ್ಲ ಕೇಳುತ್ತಿದ್ದಳು. ನರಸಿಂಹರಾಜಪುರದಲ್ಲಿ ಹತ್ತನೇ ತರಗತಿಯವರೆಗೆ ಓದಿದವಳು. ಪರೀಕ್ಷೆಗೆ ಎರಡು ತಿಂಗಳಿರುವಾಗ ನಮ್ಮ ಮದುವೆಯಾಯಿತು. ಎರಡು ತಿಂಗಳು ತಡೆಯಿರಿ ಎಂದು ಹೇಳಬಹುದಾಗಿದ್ದವನು ನಾನೇ. ಹೇಳಲಿಲ್ಲ.

ನೋಟಿಸನ್ನು ವಕೀಲರಲ್ಲಿಗೆ ಒಯ್ದೆ. ಶೃಂಗೇರಿ ಕಡೆಯವರು, ವಯಸ್ಸಾದವರು, ಕೊಪ್ಪದಲ್ಲೇ ಪ್ರಾಕ್ಟೀಸು. ಅವರ ಕಾನೂನು ಪುಸ್ತಕಗಳಿಗೆ ವರ್ಷಕ್ಕೊಮ್ಮೆ ಬೈಂಡು ಹಾಕಿಕೊಡುತ್ತಿದ್ದವನು ನಾನಾದ್ದರಿಂದ ಸಲುಗೆಯಿತ್ತು. ಅವರು ಮೂರು ಹಾಳೆಯನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ನನ್ನ ಹತ್ರ ಗಡಿ ತಕರಾರಿಗೆ ಪುಸ್ತಕ ಉಂಟು, ದಾರಿ ತಕರಾರಿಗೆ ಉಂಟು, ನೀರಿನ ತಕರಾರಿಗೂ ಉಂಟು. ಇಂಥದ್ದು ನಮ್ಮ ಕೋರ್ಟಿಗೆ ಬಂದದ್ದೇ ಇಲ್ಲ ಮಾರಾಯ. ಚಿಕ್ಕಮಗಳೂರಿಗೆ ಹೋಗಿ ಕಾಯ್ದೆ ನೋಡ್ಕೊಂಡು ಬರ್ತೇನೆ. ಅಲ್ಲಿವರೆಗೆ ಆ ಗೈಡು ಒಂದೂ ಮಾರಬೇಡ."

ಮೂರು ದಿನ ಬಿಟ್ಟು ಹೇಳಿಕಳಿಸಿದರು. ಒಂದು ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದರು.

"ಅವರು ಹೇಳೋದು ಎರಡು ಸಂಗತಿ. ಒಂದು, ಅವರ ಪುಸ್ತಕವನ್ನ ನೀನು ಎರಡನೇ ಸಲ ಮಾರ್ತಿ ಅಂತ. ಅದಕ್ಕೆ ಹೆದರಬೇಡ. ದುಡ್ಡು ಕೊಟ್ಟು ತಂದ ಎಮ್ಮೆಯನ್ನ ಇನ್ನೊಬ್ಬನಿಗೆ ಮಾರೋಕೆ ಮೊದಲಿನ ಕೊಟ್ಟಿಗೆಯವನನ್ನ ಯಾಕೆ ಕೇಳಬೇಕು? ಪುಸ್ತಕವೂ ಹಾಗೆಯೇ. ಎರಡನೇದು, ಎಂಟು ಪುಟ ನಕಲು ಮಾಡಿ ಸೇರಿಸಿ ಮಾರಿದ್ದಿ ಅಂತ. ಅದು ಹೌದಾದ್ರೆ ತಪ್ಪು. ಮಾರೋದಕ್ಕೆ ಅಂತ ನಕಲು ಮಾಡೋ ಹಾಗಿಲ್ಲ. ಹೌದಾ?"

ಪ್ರಕಾಶಕರು ಬೆಂಗಳೂರಿನವರು. ಅವರು ಕೇಳಿದ್ದನ್ನು ವಕೀಲರು ಓದಿ ಹೇಳಿದರು: ನನ್ನಲ್ಲಿರುವ ಅವರ ಗೈಡುಗಳನ್ನೆಲ್ಲ ಒಪ್ಪಿಸಬೇಕು, ನಕಲು ಮಾಡಿದ ವ್ಯಕ್ತಿಯ ಹೆಸರು ಹೇಳಬೇಕು, ತಪ್ಪೊಪ್ಪಿಗೆ ಬರೆದುಕೊಡಬೇಕು. ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಕೋರ್ಟಿನಲ್ಲಿ ದಾವೆ. ಹೆಸರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ನಾಲಗೆ ತಾನಾಗಿ ಹೊರಳಿತು.

"ಇಲ್ಲ ವಕೀಲ್ರೆ. ಮಕ್ಕಳು ಕೊಟ್ಟಾಗಲೇ ಆ ಪುಟ ಇತ್ತು. ಯಾರು ಬರೆದದ್ದೋ ನನಗೆ ಗೊತ್ತಿಲ್ಲ," ಎಂದೆ.

ವಕೀಲರು ನನ್ನನ್ನೇ ನೋಡಿದರು. "ನೀನು ಹೇಳಿದ್ದನ್ನ ನಾನು ಬರೀತೇನೆ. ಸಹಿ ನಿನ್ನದು," ಎಂದರು. ನನಗೆ ಅರ್ಥವಾಗಲೆಂದು ಕನ್ನಡದಲ್ಲೇ ಬರೆದು ಕೈಗೆ ಕೊಟ್ಟರು.

ಮನೆಗೆ ತಂದು ಹೆಂಡತಿಗೆ ಓದಲು ಕೊಟ್ಟೆ. ದೊಡ್ಡ ಉಪಕಾರ ಮಾಡಿದವನ ಠೀವಿಯಲ್ಲಿ ಎದುರಿಗೇ ಕೂತೆ. 'ಸದರಿ ಎಂಟು ಪುಟಗಳನ್ನು ಬರೆದವರು ಯಾರೆಂಬುದು ನನಗೆ ತಿಳಿದಿರುವುದಿಲ್ಲ' ಎಂಬ ಸಾಲಿನ ಹತ್ತಿರ ಅವಳ ಬೆರಳು ನಿಂತಿತು. ಎರಡು ಸಲ ಓದಿದಳು.

"ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ನಿಮಗೆ ತಿಳಿದಿರುವುದಿಲ್ಲವಾ?"

"ನಿನ್ನನ್ನ ಉಳಿಸೋಕೆ ಅಲ್ವಾ ಮಾಡಿದ್ದು. ಕೋರ್ಟು ಕಚೇರಿ ಕಾಗದದಲ್ಲಿ ನಿನ್ನ ಹೆಸರು ಯಾಕೆ?"

"ಒಳ್ಳೇದಾದಾಗ ಮೇಷ್ಟ್ರು ಬರೆದದ್ದು. ಕೆಟ್ಟದಾದಾಗ ಯಾರೋ ಬರೆದದ್ದು," ಎಂದಳು. ದನಿ ಏರಿಸಲಿಲ್ಲ. "ನಾನು ಬರೆದದ್ದು ಯಾವಾಗ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಉತ್ತರ ಹೊಳೆಯದಾಗ ಇನ್ನೂ ಬೇಗ ಬರುತ್ತದೆ. ಬಾಯಿಗೆ ಬಂದದ್ದು ಹೇಳಿದೆ, ಹೆಂಗಸರಿಗೆ ಹೊರಗಿನ ವ್ಯವಹಾರ ತಿಳಿಯುವುದಿಲ್ಲ ಎಂದೂ ಹೇಳಿದೆ, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಜಯಪುರದ ಬಸ್ಸು ಹೋಯಿತು, ಶೃಂಗೇರಿಯ ಬಸ್ಸು ಬಂತು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ. ಹತ್ತನೇ ತರಗತಿ ದಾಟಲು ಬಿಡದ ಗಂಡ ಆ ತರಗತಿಯ ಪುಸ್ತಕವನ್ನೇ ಅವಳ ಮುಂದೆ ವರ್ಷವರ್ಷ ರಾಶಿ ಹಾಕುತ್ತಿದ್ದ. ಅವಳು ಅದನ್ನು ಮುತ್ತಿನಂತೆ ಬರೆದುಕೊಡುತ್ತಿದ್ದಳು. ಬೆಂಚಿನ ಮೇಲೆ ಕೂತು ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಮನೆಗೆ ಬಂದೆ. ಅವಳು ಬಂಗುಡೆ ಸಾರು ಮಾಡಿ, ಮಣೆ ಹಾಕಿ ಕಾಯುತ್ತಿದ್ದಳು. ಸ್ಟೆನ್ಸಿಲಿನ ಪೆನ್ನು, ತಗಡು, ಸ್ಕೇಲು ಎಲ್ಲ ಬಟ್ಟೆಯಲ್ಲಿ ಕಟ್ಟಿ ಗೂಡಿನಲ್ಲಿ ಇಟ್ಟಾಗಿತ್ತು.

"ಅದನ್ಯಾಕೆ ಕಟ್ಟಿಟ್ಟೆ?"

"ಯಾರೆಂದು ತಿಳಿಯದವರ ಸಾಮಾನು. ಅವರು ಬಂದು ತಗೊಂಡು ಹೋಗಲಿ," ಎಂದಳು. ಬಡಿಸುವಾಗ ಮೀನಿನ ನಡುತುಂಡು ನನಗೇ ಹಾಕಿದಳು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಊಟ ಮುಗಿಸಿ, ಕೈ ತೊಳೆದು, "ಬದಲಾಯಿಸಿ ಬರೆಸ್ತೇನೆ," ಎಂದೆ. ಅವಳು ತಲೆ ಎತ್ತಲಿಲ್ಲ, ಆದರೆ ಇನ್ನೊಂದು ಸೌಟು ಸಾರು ಬೇಕಿತ್ತೇನೋ ಎಂದು ಊಟ ಮುಗಿದವನನ್ನು ಕೇಳಿದಳು.

ಮರುದಿನ ಬೆಳಿಗ್ಗೆ ವಕೀಲರ ಮುಂದೆ ನಿಂತು, "ನಿನ್ನೆ ಸುಳ್ಳು ಹೇಳಿದೆ. ಬರೆದದ್ದು ನನ್ನ ಹೆಂಡತಿ. ಬರೆಸಿದ್ದು, ಮಾರಿದ್ದು ನಾನು," ಎಂದೆ.

"ನಿನ್ನೆಯೇ ಗೊತ್ತಾಯ್ತು ಮಾರಾಯ. ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗ್ತದೆ," ಎಂದು ಹಳೆಯ ಕಾಗದ ಹರಿದರು. "ಆದರೆ ತಿಳ್ಕೊ. ಇದು ಒಪ್ಪಿಗೆ. ಇದನ್ನೇ ಹಿಡ್ಕೊಂಡು ಅವರು ಕೋರ್ಟಿಗೆ ಹೋದರೆ ನನ್ನ ಹತ್ರ ಆಡೋಕೆ ಮಾತಿಲ್ಲ. ಅಂಗಡಿ ಮುಚ್ಚುವಷ್ಟು ದೂರ ಹೋದರೂ ಹೋಗಬಹುದು."

"ಬರೀರಿ," ಎಂದೆ.

ಉತ್ತರ ಬರೆಯಲು ಇಡೀ ಬೆಳಿಗ್ಗೆ ಹಿಡಿಯಿತು. ಹಳೆಯ ಪುಸ್ತಕ ಮಾರುವುದು ನನ್ನ ಹಕ್ಕು, ಅದನ್ನು ಬಿಡುವುದಿಲ್ಲ ಎಂಬುದು ಮೊದಲ ಭಾಗ. ಎಂಟು ಪುಟಗಳ ನಕಲು ತಪ್ಪು, ತಿಳಿಯದೆ ಆದದ್ದು, ಇನ್ನು ಮಾಡುವುದಿಲ್ಲ ಎಂಬುದು ಎರಡನೆಯದು. ಆ ಪುಟಗಳನ್ನು ಪ್ರಕಾಶಕರ ಕಡೆಯವರ ಎದುರಿಗೇ ತೆಗೆದು ನಾಶ ಮಾಡುತ್ತೇವೆ, ಯಾವಾಗ ಬರುತ್ತೀರಿ ತಿಳಿಸಿ ಎಂಬುದು ಕೊನೆಯದು. ನಕಲು ಬರೆದವರು ಎಂಬಲ್ಲಿ ಅವಳ ಹೆಸರು, ಅದರ ಮುಂದೆ ಶ್ರೀಮತಿ. ಮನೆಗೆ ತಂದು ಕೊಟ್ಟಾಗ, ವಕೀಲರು ಶ್ರೀಮತಿ ಎಂದು ಬರೆದದ್ದನ್ನು ಅವಳು ಸುಮಾರು ಹೊತ್ತು ನೋಡಿದಳು. ಆಮೇಲೆ ನನ್ನ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು. ನನ್ನದು ಕಾಗೆ ಕಾಲು ಗುಬ್ಬಿ ಕಾಲು. ಅವಳದ್ದು ಅಚ್ಚು ಹಾಕಿದ ಹಾಗಿತ್ತು.

ಆಮೇಲಿನದ್ದು ಕಾಯುವ ಕಷ್ಟ. ಶಾಲೆ ಶುರುವಾಯಿತು. ಗಣಿತದ ಗೈಡುಗಳು ನಾಲ್ಕು ಗೋಣಿಚೀಲದಲ್ಲಿದ್ದವು. ವಕೀಲರು ಬಾಯಿ ಹೊಲಿಸಿ, ದಾರದ ಗಂಟಿಗೆ ಅರಗು ಹಾಕಿಸಿದ್ದರು. ಯಾವ ಊರಿನವರು ಬಂದು ಕೇಳಿದರೂ ಇಲ್ಲ ಎನ್ನಬೇಕು. ಇಲ್ಲ ಎನ್ನುವಾಗ ಚೀಲಗಳು ಅವರ ಕಣ್ಣೆದುರೇ ಕೂತಿರುತ್ತಿದ್ದವು. ಸಿರಿಮನೆಯಿಂದ ಬಂದ ಒಬ್ಬಾಕೆ, "ಇಲ್ಲಿಲ್ಲದಿದ್ರೆ ನನ್ನ ಮಗ ಗೈಡಿಲ್ಲದೆ ಓದಬೇಕಷ್ಟೆ," ಎಂದು ಮೆಲ್ಲಗೆ ಹೇಳಿ ಹೋದರು. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಗಾಳಿಯಾಡದ ಚೀಲದಲ್ಲಿ ಪುಸ್ತಕಕ್ಕೆ ಬೂಷ್ಟು ಬರುವುದು ನಿಶ್ಚಯ. ಬಿಚ್ಚಿ ಒಣಗಿಸುವಂತಿಲ್ಲ. ದಿನಕ್ಕೆರಡು ಸಲ ಚೀಲಕ್ಕೆ ಮೂಗು ಹಚ್ಚಿ ಮೂಸಿ ನೋಡುವುದೊಂದೇ ನನಗುಳಿದ ಕೆಲಸ.

ಜೂನ್ ಎರಡನೇ ವಾರ ಪ್ರಕಾಶಕರ ಮ್ಯಾನೇಜರು ಬಂದರು. ಬಸ್ಸಿಳಿದು, ಪ್ಯಾಂಟು ಮಡಿಸಿಕೊಂಡು, ಕೆಸರು ದಾಟಿ ಅಂಗಡಿಗೆ ಹತ್ತಿದರು. ವಕೀಲರೂ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಮ್ಯಾನೇಜರು ಬ್ಯಾಗಿನಿಂದ ನಮ್ಮ ಸ್ಟಾಂಪಿದ್ದ ಗೈಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ನೀವು ಬರೆದ ಉತ್ತರ ಓದಿದೆ. ಒಪ್ಪಿಕೊಂಡದ್ದು ಸಂತೋಷ. ಆದರೆ ಇದನ್ನು ನಿಮ್ಮ ಮನೆಯವರು ಬರೆದರು ಅಂದರೆ ನಾನು ನಂಬೋದಿಲ್ಲ. ಇದು ಯಾರೋ ನುರಿತ ಡ್ರಾಯಿಂಗ್ ಮಾಸ್ತರರ ಕೈ. ಅವರು ಇನ್ನೆಷ್ಟು ಊರಿಗೆ ಇದನ್ನು ಮಾಡಿಕೊಡ್ತಿದ್ದಾರೆ ಅನ್ನೋದು ನಮಗೆ ಬೇಕು. ಅವರನ್ನು ಉಳಿಸೋಕೆ ಮನೆ ಹೆಂಗಸರ ಹೆಸರು ಹಾಕಿದ್ದೀರಿ."

ನನಗೆ ನೆತ್ತಿಗೇರಿತು. ಸುಳ್ಳು ಹೇಳಿದ್ದನ್ನು ವಕೀಲರು ಹಾಗೇ ಬರೆದುಕೊಂಡರು, ಸತ್ಯ ಹೇಳಿದರೆ ನಂಬುವವರಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಪರದೆ ಸರಿಯಿತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಂದು, ಬಟ್ಟೆಯ ಗಂಟು ಬಿಚ್ಚಿ, ತಗಡನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಹೊಸ ಸ್ಟೆನ್ಸಿಲ್ ಹಾಸಿದಳು.

"ಯಾವ ಪುಟ ಬೇಕು?" ಎಂದು ಕೇಳಿದಳು.

ಮ್ಯಾನೇಜರು ಸ್ವಲ್ಪ ತಡವರಿಸಿ, "ನಲವತ್ತಾರು," ಎಂದರು. ಗೈಡು ಮುಂದೆ ತಳ್ಳಲು ಹೋದರು.

"ಪುಸ್ತಕ ಬೇಡ. ನಲವತ್ತಾರು ವೃತ್ತದ್ದು. ಹೊರಗಿನ ಬಿಂದುವಿನಿಂದ ಎಳೆದ ಸ್ಪರ್ಶಕಗಳು."

ಬರೆಯತೊಡಗಿದಳು. ವೃತ್ತಕ್ಕೆ ಅವಳ ಹತ್ತಿರ ಕೈವಾರ ಇರಲಿಲ್ಲ. ಒಂದು ಬಳೆ ತೆಗೆದು ಹಾಳೆಯ ಮೇಲಿಟ್ಟು ಸುತ್ತ ಮೊನೆ ಓಡಿಸಿದಳು. ಆಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ, ಒಂದರ ಕೆಳಗೊಂದು. ಅಂಗಡಿಯಲ್ಲಿ ಮೊನೆಯ ಕರಕರ ಬಿಟ್ಟರೆ ಸದ್ದಿಲ್ಲ. ತನ್ನ ತಪ್ಪನ್ನು ತಾನೇ ಸಾಬೀತು ಮಾಡಲು ಅಷ್ಟು ಖುಷಿಯಿಂದ ಕೂತವರನ್ನು ನಾನು ಬೇರೆ ಕಂಡಿಲ್ಲ. ಹನ್ನೊಂದು ವರ್ಷ ತಡವಾಗಿ ಅವಳು ಪರೀಕ್ಷೆಗೆ ಕೂತ ಹಾಗಿತ್ತು.

ಬರೆದು ಮುಗಿಸಿ ಹಾಳೆಯನ್ನು ಮ್ಯಾನೇಜರ ಕಡೆ ತಿರುಗಿಸಿದಳು. ಅವರು ಗೈಡಿನ ಪುಟ, ಸ್ಟೆನ್ಸಿಲು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಕ್ಷಮಿಸಿ ಅಮ್ಮಾ," ಎಂದರು.

ಆಮೇಲೆ ಅವರೇ ಬ್ಯಾಗಿನಿಂದ ಒಂದು ಕಾಗದ ತೆಗೆದರು. "ಇದು ನಮಗೆ ಹೇಗೆ ಗೊತ್ತಾಯ್ತು ಅಂತ ನೀವು ಕೇಳಲೇ ಇಲ್ಲ. ಹಿರೇಕೊಡಿಗೆಯಿಂದ ಒಬ್ಬ ರೈತರು ಬರೆದ ಕಾಗದ. ಪುಸ್ತಕವನ್ನೂ ಅವರೇ ಜೊತೆಗೆ ಕಳಿಸಿದ್ದು." ಓದಿದರು. ನನಗೆ ಅದರ ಒಂದೊಂದು ಮಾತೂ ನೆನಪಿದೆ.

'ಮಾನ್ಯರೆ, ನಿಮ್ಮ ಗಣಿತದ ಗೈಡು ಓದಿ ನನ್ನ ಮಗ ಹೋದ ವರ್ಷ ಪಾಸಾಗಿರುತ್ತಾನೆ. ಅದರಲ್ಲಿ ನಲವತ್ತೊಂದರಿಂದ ನಲವತ್ತೆಂಟನೇ ಪುಟಗಳನ್ನು ಕೈಯಲ್ಲಿ ಬರೆಸಿರುತ್ತೀರಿ. ಬಹಳ ಚೆನ್ನಾಗಿರುತ್ತದೆ. ಉಳಿದ ಅಚ್ಚಿನ ಚಿತ್ರಗಳಲ್ಲಿ ಯಾವ ಗೆರೆ ಯಾವುದಕ್ಕೆ ತಾಗುತ್ತದೆಂದು ಕಾಣುವುದಿಲ್ಲ. ಆದ್ದರಿಂದ ಮುಂದಿನ ಸಲ ಇಡೀ ಪುಸ್ತಕವನ್ನು ಅವರ ಕೈಯಿಂದಲೇ ಬರೆಸಬೇಕಾಗಿ ವಿನಂತಿ. ತಾವು ನೋಡಲೆಂದು ಪುಸ್ತಕವನ್ನೇ ಕಳಿಸಿದ್ದೇನೆ. ನೋಡಿ ವಾಪಸ್ಸು ಕಳಿಸುವುದು.'

ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಉರಿದುಹೋಯಿತು. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದನಲ್ಲ ಪುಣ್ಯಾತ್ಮ, ಬರಲಿ ಅಂಗಡಿಗೆ, ಚೆನ್ನಾಗಿ ಮಂಗಳಾರತಿ ಎತ್ತುತ್ತೇನೆ ಎಂದುಕೊಂಡೆ. ಹೆಂಡತಿ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ಇನ್ನೊಂದು ಸಲ ಓದ್ತೀರಾ?" ಎಂದು ಮ್ಯಾನೇಜರನ್ನು ಕೇಳಿದಳು. ಅವರು ಓದಿದರು.

ಆದರೂ ಕಾನೂನು ಕಾನೂನೇ. ಚೀಲ ಬಿಚ್ಚಿದೆವು. ಮೇಲಿನ ಪುಸ್ತಕಗಳ ರಟ್ಟಿಗೆ ಬೂಷ್ಟು ಬಂದಿತ್ತು, ಒಳಗೆ ಇಳಿದಿರಲಿಲ್ಲ. ಹೊಲಿಗೆಯ ದಾರ ಕತ್ತರಿಸಿದರೆ ಇಡೀ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರತಿ ಹಾಳೆಯನ್ನೂ ಚೂರಿಯಲ್ಲಿ ಬೆನ್ನಿನ ಹತ್ತಿರ ಕೊಯ್ಯಬೇಕು. ನಾನು ಹೊಲಿಗೆಯ ಬುಡಕ್ಕೇ ಚೂರಿ ಇಟ್ಟಾಗ ಅವಳು ಕೈ ಹಿಡಿದಳು.

"ಬೆರಳಗಲ ಬಿಟ್ಟು ಕೊಯ್ಯಿರಿ."

"ಯಾಕೆ?"

ಅವಳು ವಕೀಲರ ಕಡೆ ತಿರುಗಿದಳು. "ನಾವು ಬರೆದು ಮಾರಿದ್ರೆ ತಪ್ಪು ಅಂದ್ರಿ. ಓದುವ ಮಕ್ಕಳು ತಮಗೆ ಬೇಕಾದ್ದನ್ನ ತಾವೇ ಬರ್ಕೊಂಡ್ರೆ?"

ವಕೀಲರು ಜೇಬಿನಿಂದ ಪೆನ್ಸಿಲ್ ಬರಹದ ಹಾಳೆ ತೆಗೆದು ಕಣ್ಣಿನ ಹತ್ತಿರ ಹಿಡಿದರು. "ಸ್ವಂತ ಅಭ್ಯಾಸಕ್ಕೆ ಬರ್ಕೊಳ್ಳೋಕೆ ಕಾಯ್ದೆಯಲ್ಲೇ ಅವಕಾಶ ಉಂಟು. ನನಗೆ ಹೊಳೀಲೇ ಇಲ್ಲ ನೋಡು," ಎಂದರು. ಮ್ಯಾನೇಜರು ಯೋಚಿಸಿ, "ಅದಕ್ಕೆ ನಮ್ಮ ಅಡ್ಡಿ ಏನೂ ಇಲ್ಲ. ಪುಟ ಇಲ್ಲ ಅಂತ ಹೇಳಿಯೇ ಮಾರಬೇಕು, ನೀವು ಬರೆದುಕೊಡಬಾರದು. ಅಷ್ಟಾದರೆ ದಾವೆ ಗೀವೆ ಇಲ್ಲ," ಎಂದರು.

ಬೆರಳಗಲ ಬಿಟ್ಟು ಕೊಯ್ದೆ. ಮಕ್ಕಳು ಬರೆದು ತಂದ ಹಾಳೆಯನ್ನು ಅಂಟಿಸಲು ಅಷ್ಟು ಅಂಚು ಸಾಕು. ತೆಗೆದ ಹಾಳೆಗಳನ್ನು ಅವಳೇ ಎತ್ತಿ ನೀರಿನ ತೊಟ್ಟಿಗೆ ಹಾಕಿದಳು. ಸೈಕ್ಲೋಸ್ಟೈಲಿನ ಶಾಯಿ ಎಣ್ಣೆಯದ್ದು. ಕಾಗದ ಮೆತ್ತಗಾದರೂ ನೀರಿನಡಿಯಲ್ಲಿ ತ್ರಿಭುಜಗಳು ಕಾಣುತ್ತಲೇ ಇದ್ದವು. ನಾನು ಕೋಲು ಹಿಡಿದು ಕಲಕಿದೆ. ಅವಳು ಅಷ್ಟು ಹೊತ್ತೂ ನಿಂತು ನೋಡಿದಳು, ಕಣ್ಣೊರೆಸಿಕೊಂಡಳು. ನಾನು ಕೋಲು ಬಿಟ್ಟು ಅವಳ ಹತ್ತಿರ ಹೋಗಿ ನಿಂತೆ. ಮ್ಯಾನೇಜರು ಹೊರಡುವಾಗ, ಆ ದಿನ ಬರೆದ ನಲವತ್ತಾರನೇ ಪುಟದ ಸ್ಟೆನ್ಸಿಲನ್ನು ಫೈಲಿಗೆ ಬೇಕೆಂದು ಸುರುಳಿ ಸುತ್ತಿ ಒಯ್ದರು. ನೀರಿಗೆ ಹಾಕಿರೆಂದು ಹೇಳಲಿಲ್ಲ.

ಆ ವಾರದಿಂದ ನಮ್ಮ ಜಗಲಿಯೇ ಶಾಲೆಯಾಯಿತು. ಗೈಡು ಕೊಂಡವರಿಗೆ ನಾನು ಎಂಟು ಪುಟ ಇಲ್ಲವೆಂದು ಮೊದಲೇ ಹೇಳುತ್ತಿದ್ದೆ. ಬೇಕಾದವರು ಹಾಳೆ, ಸ್ಕೇಲು ತಂದು ಕೂರುತ್ತಿದ್ದರು. ಇಡಿಯಾಗಿದ್ದ ಒಂದು ಅಚ್ಚಿನ ಪ್ರತಿ ಹಿಡಿದು ಅವಳು ಓದಿ ಹೇಳುವುದು, ಅವರು ಬರೆದುಕೊಳ್ಳುವುದು. ಬರೀ ಬರೆಸುವುದಿಲ್ಲ, ಯಾಕೆ ಎಂದೂ ಹೇಳುತ್ತಿದ್ದಳು. ಬರೆದಾದ ಮೇಲೆ ನಾನು ಅಂಟಿಸಿ ಕೊಡುತ್ತಿದ್ದೆ. ಸ್ವಂತ ಕೈಯಲ್ಲಿ ಬರೆದದ್ದನ್ನು ಯಾರೂ ಹರಿಯುವುದಿಲ್ಲವೆಂದು ಮುಂದಿನ ವರ್ಷ ಆ ಪುಸ್ತಕಗಳು ತಿರುಗಿ ಬಂದಾಗ ಗೊತ್ತಾಯಿತು.

ಹಿರೇಕೊಡಿಗೆಯ ರೈತ ಬಂದದ್ದು ಹತ್ತು ದಿನ ಕಳೆದ ಮೇಲೆ. ಮಳೆಗೆ ಹೊದ್ದಿದ್ದ ಕಂಬಳಿ ಕೊಪ್ಪೆ ಕೊಡವಿ ಮೂಲೆಗಿಟ್ಟು, ಹತ್ತನೇ ತರಗತಿಗೆ ಸೇರಿದ ಮಗಳನ್ನು ಜಗಲಿಗೆ ಕಳಿಸಿ, ನನ್ನ ಮುಂದೆ ನಿಂತ.

"ಎಂತ ಸಾಹೇಬ್ರೆ, ಈ ಸಲ ಆ ಕೈಬರಹ ಇಲ್ವಂತಲ್ಲ. ನಾನು ಅವರಿಗೆ ಎಷ್ಟು ಚಂದ ಮಾಡಿ ಕಾಗದ ಬರೆದಿದ್ದೆ. ಉತ್ತರವೂ ಇಲ್ಲ, ಪುಸ್ತಕವೂ ವಾಪಸ್ಸಿಲ್ಲ. ಓದಿದ್ರೋ ಇಲ್ಲವೋ."

ಹತ್ತು ದಿನದಿಂದ ಕಟ್ಟಿಟ್ಟ ಮಂಗಳಾರತಿ ನನ್ನ ನಾಲಗೆಯ ತುದಿಯಲ್ಲಿತ್ತು. ಜಗಲಿಯಿಂದ ಹೆಂಡತಿ ನನ್ನ ಕಡೆ ನೋಡಿ, ಬೇಡವೆಂದು ತಲೆಯಾಡಿಸಿದಳು.

"ಓದಿದ್ದಾರೆ ಅಣ್ಣಾ," ಎಂದಳು. "ಎರಡು ಸಲ ಓದಿದ್ದಾರೆ. ಬರೆದವರು ಯಾರು ಅಂತ ಕೇಳ್ಕೊಂಡು ಬೆಂಗಳೂರಿಂದ ಜನ ಬಂದಿದ್ರು."

"ಹೌದಾ!" ಆತನ ಮುಖ ಅರಳಿತು. "ನನ್ನ ಕಾಗದಕ್ಕೆ ಬಂದ್ರಾ? ಹಂಗಾರೆ ಬರೆದದ್ದು ಸಾರ್ಥಕ ಆಯ್ತು ಮಾರಾಯ್ರೆ. ಆ ಮೇಷ್ಟ್ರಿಗೆ ಗೊತ್ತಾಯ್ತಾ ಇದು? ಅವರನ್ನ ನಾನೊಂದು ಸಲ ನೋಡಬೇಕಲ್ಲ."

ವರ್ಷಗಟ್ಟಲೆ ಹೇಳಿದ ಸುಳ್ಳು ಅಷ್ಟು ಸುಲಭಕ್ಕೆ ಬಾಯಿಂದ ಹೋಗುವುದಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಮೇಷ್ಟ್ರು ಇಲ್ಲ," ಎಂದೆ. "ಅದೆಲ್ಲ ಬರೆದದ್ದು ನನ್ನ ಹೆಂಡತಿ. ನಿಮ್ಮ ಮಗಳ ಎದುರು ಕೂತಿದ್ದಾಳಲ್ಲ, ಅವಳೇ."

ರೈತ ಜಗಲಿಯ ಕಡೆ ತಿರುಗಿದ. ಕೈಯೆತ್ತಿ ಮುಗಿಯುವುದೋ ಬೇಡವೋ ತಿಳಿಯದೆ ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ಮಗಳಿಗೆ, "ಸರಿ ಕೂತ್ಕೊಂಡು ಬರಿ ಕೂಸೆ. ಅವರೇ ಅಂತೆ," ಎಂದ. ಹುಡುಗಿ ಹಾಳೆ ಎತ್ತಿಕೊಂಡು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಸರಿದು ಕೂತಳು.

ಹೆಂಡತಿ ಪುಸ್ತಕವನ್ನು ಮುಖ ಕಾಣದಷ್ಟು ಹತ್ತಿರ ಹಿಡಿದು ಓದತೊಡಗಿದಳು. "ಎಬಿಸಿ ತ್ರಿಭುಜದಲ್ಲಿ ಬಾಹು ಎಬಿ ಸಮ ಬಾಹು ಎಸಿ. ಆದ್ದರಿಂದ ಕೋನ ಬಿ ಸಮ," ಎಂದು ನಿಂತಳು. ಆಮೇಲೆ, "ಕೋನ ಬಿ," ಎಂದಳು.

"ಕೋನ ಸಿ ಅಲ್ವಾ ಅಕ್ಕಾ?" ಎಂದಳು ಹುಡುಗಿ.

"ಹೌದು. ಸಿ," ಎಂದಳು ನನ್ನ ಹೆಂಡತಿ. ಆ ಎಂಟು ಪುಟದಲ್ಲಿ ಅವಳು ತಪ್ಪಿದ್ದು ಅದೊಂದೇ ಸಲ.